ಹೊಸ ಹಣತೆ ಎಣ್ಣೆ ಕುಡೀಬಾರ್ದು ಅಂದ್ರೆ ಹೀಗ್ ಮಾಡಿ

ನೀರು ತುಂಬೋ ಹಬ್ಬದ ಸಂಜೆ ಹಂಡೆ ತೊಳೆದು ನೀರು ತುಂಬ್ತೀವಲ್ಲ, ಆಗಲೇ ಒಂದು ಬಕೆಟ್‌ನಲ್ಲಿ ಹೊಸ ಮಣ್ಣಿನ ಹಣತೆಗಳನ್ನೂ ಪೂರ್ತಿ ಮುಳುಗೋ ಹಾಗೆ ನೆನೆಹಾಕಿಬಿಡಿ, ಬೆಳಿಗ್ಗೆ ತೆಗೆದು ಹಳೇ ಬಟ್ಟೆ ಮೇಲೆ ಬೋರಲು ಹಾಕಿ ನೆರಳಲ್ಲಿ ಆರಿಸಿ, ನರಕ ಚತುರ್ದಶಿ ಸಂಜೆ ಎಣ್ಣೆ ಹಾಕಿ ಹಚ್ಚಿ. ಸುಟ್ಟ ಮಣ್ಣಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಇರುತ್ತೆ, ನೀರಿಗೆ ಹಾಕಿದ ತಕ್ಷಣ ಸುಯ್ ಅಂತ ಗುಳ್ಳೆ ಏಳುತ್ತಲ್ಲ ಅದು ಅಲ್ಲಿದ್ದ ಗಾಳಿ, ಆ ಜಾಗದಲ್ಲಿ ನೀರು ಕೂತ್ಕೊಂಡ್ರೆ ಎಣ್ಣೆ ಒಳಗೆ ಇಳಿಯಲ್ಲ. ದೀಪ ಜಾಸ್ತಿ ಹೊತ್ತು ಉರಿಯುತ್ತೆ, ಹೊಸ್ತಿಲ ಮೇಲೆ ದುಂಡಗೆ ಎಣ್ಣೆ ಕಲೆ ಬೀಳೋದೂ ಎಷ್ಟೋ ಕಡಿಮೆ, ರೆಡ್ ಆಕ್ಸೈಡ್ ನೆಲ ಇರೋರಿಗೆ ಇದೇ ದೊಡ್ಡ ಸಮಾಧಾನ. ಆದ್ರೆ ಎಣ್ಣೆ ಹಾಕೋ ಕಡೆ ಮೇಲ್ಗಡೆ ನೀರಿನ ಪಸೆ ಉಳಿದಿದ್ರೆ ಬತ್ತಿ ಚಟಪಟ ಸಿಡಿಯುತ್ತೆ, ಹಾಗಾಗಿ ಎಣ್ಣೆ ಹಾಕೋ ಮುಂಚೆ ಒಂದ್ಸಲ ಒಣಬಟ್ಟೇಲಿ ಒರೆಸಿ. ಬಿಸಿಲಲ್ಲಿ ಕಾದು ಪೂರ್ತಿ ಒಣಗಿಬಿಟ್ರೆ ಮಾಡಿದ್ದೆಲ್ಲ ವೇಸ್ಟ್, ಮತ್ತೆ ಎಣ್ಣೆ ಕುಡಿಯುತ್ತೆ. ಪೇಂಟ್ ಮಾಡಿರೋ ಹಣತೆ ಮಾತ್ರ ನೆನೆಹಾಕಬೇಡಿ, ಬಣ್ಣ ಬಿಡುತ್ತೆ. ಬಿರುಕು ಬಿಟ್ಟಿದ್ದಕ್ಕೂ ಇದು ಕೆಲಸ ಮಾಡಲ್ಲ.