ವಾಕಿಂಗ್ ಮುಗಿಸಿ ಬಂದಮೇಲೆ ಏನು ತಿನ್ನಬೇಕು?

ಮೂರು ತಿಂಗಳು ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆದೆ. ಹೊಸ ಶೂ ಬಂತು, ಹೆಜ್ಜೆ ಎಣಿಸುವ ವಾಚು ಬಂತು. ಮಳೆ ಬಂದರೂ ಬಿಡಲಿಲ್ಲ. ಮೂರು ತಿಂಗಳಾದ ಮೇಲೆ ತೂಕದ ಯಂತ್ರ ಹತ್ತಿ ನಿಂತರೆ ಮುಕ್ಕಾಲು ಕೇಜಿ ಜಾಸ್ತಿ! ಯಂತ್ರ ಕೆಟ್ಟಿರಬೇಕು ಅಂತ ಪಕ್ಕದ ಮನೆಗೆ ಹೋಗಿ ಅವರದ್ದರ ಮೇಲೂ ನಿಂತು ನೋಡಿದೆ. ಅದೂ ಅಷ್ಟೇ ತೋರಿಸಿತು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ವಾಕಿಂಗ್ ಮುಗಿದ ಕೂಡಲೇ ನಾವು ಐದು ಜನ ನೇರವಾಗಿ ಹೋಟೆಲಿಗೆ ನುಗ್ಗುತ್ತಿದ್ದೆವು. "ಇಷ್ಟು ನಡೆದಿದ್ದೀವಲ್ಲ, ಒಂದು ಮಸಾಲೆ ದೋಸೆ ತಿಂದ್ರೆ ಏನಾಗತ್ತೆ ಬಿಡ್ರಿ" ಅನ್ನೋದು ದಿನದ ಮಾತು. ಮಧ್ಯೆ ಎರಡು ವಾರ ಬುದ್ಧಿ ಬಂದು ತಿಂಡಿಯನ್ನೇ ಬಿಟ್ಟೆ, ಬರೀ ಕಾಫಿ, ಎರಡು ಬಿಸ್ಕತ್ತು. ಅದು ಇನ್ನೂ ಕೆಟ್ಟದಾಯಿತು, ಯಾಕಂದರೆ ಹನ್ನೊಂದು ಗಂಟೆಗೆ ಆಫೀಸಿನ ಕ್ಯಾಂಟೀನಿನಲ್ಲಿ ಬೋಂಡ ಕರಿಯುವ ವಾಸನೆ ಮೂಗಿಗೆ ಬಡಿದರೆ ಹಸಿದವನಿಗೆ ಎಲ್ಲಿಯ ಸಂಯಮ? ಎರಡು ಬೋಂಡ ಹೋಗಿ ಮೂರಾಗುತ್ತಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. 70 ಕೇಜಿ ತೂಕದವರು 40 ನಿಮಿಷ ಬಿರುಸಾಗಿ ನಡೆದರೆ ಖರ್ಚಾಗುವುದು ಹೆಚ್ಚು ಕಡಿಮೆ 200 ಕ್ಯಾಲೊರಿ. ಒಂದು ಕೇಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಅಂದರೆ ಊಟ ತಿಂಡಿಯಲ್ಲಿ ಏನೂ ಬದಲಾಗದೆ ಬರೀ ನಡಿಗೆಯಿಂದ ಒಂದು ಕೇಜಿ ಇಳಿಯಬೇಕಾದರೆ ಒಂದು ತಿಂಗಳ ಮೇಲೆ ಒಂದು ವಾರ ಬೇಕು. ಬೆಣ್ಣೆ ಹಾಕಿದ ಮಸಾಲೆ ದೋಸೆ ಒಂದೇ ಆ ದಿನದ ನಡಿಗೆಯನ್ನು ತಿಂದು ಮುಗಿಸುತ್ತದೆ. ಹಾಗಂತ ನಡಿಗೆ ದಂಡ ಅಲ್ಲ. ಸಕ್ಕರೆ, ಬಿ.ಪಿ., ನಿದ್ದೆ, ಮಂಡಿ ಎಲ್ಲಕ್ಕೂ ಅದು ಬೇಕು. ತೂಕ ಇಳಿಯೋ ವಿಚಾರ ಮಾತ್ರ ಅಡುಗೆಮನೆಯಲ್ಲಿ ತೀರ್ಮಾನ ಆಗುತ್ತದೆ, ಅದರಲ್ಲೂ ಬೆಳಗಿನ ತಿಂಡಿಯಲ್ಲಿ. ಹೊಟ್ಟೆ ತುಂಬಾ ತಿನ್ನಬೇಕು, ಆದರೆ ತುಂಬಿಸಬೇಕಾದ್ದು ಕಾಳು ಮತ್ತು ತರಕಾರಿಯಿಂದ.

ಕೆಲಸ ಶುರುವಾಗೋದು ರಾತ್ರಿ

ಬೆಳಿಗ್ಗೆ ವಾಕಿಂಗಿನಿಂದ ಬಂದು "ಇವತ್ತು ಏನು ಮಾಡೋದು" ಅಂತ ಯೋಚಿಸುತ್ತಾ ನಿಂತರೆ ಬ್ರೆಡ್ಡೇ ಗತಿ. ಆದ್ದರಿಂದ ಮಲಗುವ ಮುಂಚೆ ಕಾಳು ನೆನೆ ಹಾಕಿ. ಹೆಸರುಕಾಳು, ಕಡಲೆಕಾಳು, ಅಲಸಂದೆ, ಹುರಳಿ, ಮನೆಯಲ್ಲಿ ಏನಿದೆಯೋ ಅದು. ಒಬ್ಬರಿಗೆ ಒಂದು ತುಂಬು ಹಿಡಿ ಸಾಕು. ನನ್ನ ಕೈಯ ಹಿಡಿಯನ್ನು ತೂಕ ಹಾಕಿ ನೋಡಿದ್ದೇನೆ, ಸುಮಾರು 50 ಗ್ರಾಂ ಬರುತ್ತದೆ. ಅಷ್ಟು ಹೆಸರುಕಾಳಿನಲ್ಲಿ 12 ಗ್ರಾಂ ಪ್ರೋಟೀನ್ ಸಿಗುತ್ತದೆ.

ಪ್ರೋಟೀನ್ ಯಾಕೆ ಅಂದರೆ, ಹಸಿವನ್ನು ಜಾಸ್ತಿ ಹೊತ್ತು ತಡೆದು ಹಿಡಿಯುವುದು ಅದೇ. ತೂಕ ಇಳಿಯುವಾಗ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ, ಅದು ಜಾಸ್ತಿ ಕರಗದಂತೆ ನೋಡಿಕೊಳ್ಳೋದೂ ಅದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಕೇಜಿ ತೂಕಕ್ಕೆ 0.83 ಗ್ರಾಂ ಬೇಕು. 65 ಕೇಜಿ ಇರುವವರಿಗೆ 54 ಗ್ರಾಂ. ಅದರಲ್ಲಿ 15ರಿಂದ 20 ಗ್ರಾಂ ಬೆಳಿಗ್ಗೆಯೇ ಮುಗಿಸಿಬಿಟ್ಟರೆ ಮಧ್ಯಾಹ್ನ, ರಾತ್ರಿ ಒದ್ದಾಡಬೇಕಿಲ್ಲ. ನಮ್ಮ ತಿಂಡಿಗಳಲ್ಲಿ ತಪ್ಪುತ್ತಿರುವುದು ಇಲ್ಲೇ. ಒಂದು ಇಡ್ಲಿಯಲ್ಲಿ ಇರೋದು ಸುಮಾರು 2 ಗ್ರಾಂ. ಇಡ್ಲಿ ಲೆಕ್ಕದಲ್ಲೇ 20 ಗ್ರಾಂ ಮಾಡುತ್ತೇನೆ ಅಂದರೆ ಹತ್ತು ಇಡ್ಲಿ ತಿನ್ನಬೇಕು!

ನಡೆಯುವ ಮೊದಲು

ಒಂದು ಲೋಟ ನೀರು ಕುಡಿದು ಹೊರಡಿ. ಒಂದು ಗಂಟೆಯೊಳಗಿನ ವಾಕಿಂಗಿಗೆ ಬೇರೇನೂ ಬೇಡ. ತಲೆ ತಿರುಗಿದ ಹಾಗೆ ಆಗುವವರು ಅರ್ಧ ಬಾಳೆಹಣ್ಣು ತಿನ್ನಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಖಾಲಿ ಹೊಟ್ಟೆಯಲ್ಲಿ ನಡೆಯಬಹುದಾ ಅಂತ ಡಾಕ್ಟರನ್ನು ಕೇಳಿಯೇ ಹೊರಡಬೇಕು, ದಾರಿ ಮಧ್ಯೆ ಸಕ್ಕರೆ ಇಳಿದರೆ ಕಷ್ಟ. ಕಿಡ್ನಿ ತೊಂದರೆ ಇರುವವರೂ ಅಷ್ಟೇ, ಕಾಳು ಜಾಸ್ತಿ ಮಾಡುವ ಮೊದಲು ಒಂದು ಮಾತು ಕೇಳಿ.

ವಾಕಿಂಗ್ ಮುಗಿದ ಅರ್ಧ ಗಂಟೆಯೊಳಗೆ ತಿನ್ನಲೇಬೇಕು ಅಂತ ಜಿಮ್ಮಿಗೆ ಹೋಗುವ ಹುಡುಗರು ಹೇಳುತ್ತಾರೆ. ನಮ್ಮಂಥವರಿಗೆ ಅಂಥ ಅವಸರ ಏನೂ ಇಲ್ಲ. ಬೆವರು ಆರಲಿ, ಸ್ನಾನ ಆಗಲಿ, ಆಮೇಲೆ ನಿಧಾನಕ್ಕೆ ಕೂತು ತಿನ್ನಿ.

ಹೆಸರುಕಾಳು ದೋಸೆ, ಸರಿಯಾಗಿ

ನನ್ನನ್ನು ಬೋಂಡದಿಂದ ಬಿಡಿಸಿದ್ದು ಇದೇ. ಹುದುಗು ಬರಿಸೋ ಕೆಲಸ ಇಲ್ಲ, ರುಬ್ಬಿದ ಕೂಡಲೇ ಹೊಯ್ಯಬಹುದು. ಎಂಟು ಗಂಟೆ ನೆಂದ ಕಾಳು, ಅದರ ಜೊತೆಗೇ ನೆನೆದ ಒಂದು ಚಮಚ ಅಕ್ಕಿ (ಗರಿ ಬರಲಿ ಅಂತ ಅಷ್ಟೇ), ಒಂದು ಇಂಚು ಶುಂಠಿ, ಎರಡು ಹಸಿಮೆಣಸಿನಕಾಯಿ, ಜೀರಿಗೆ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಉಪ್ಪು. ನುಣ್ಣಗೆ ಬೇಡ, ಬೆರಳಿಗೆ ರವೆ ಸಿಕ್ಕ ಹಾಗಿರಲಿ. ನೀರು ನೋಡಿಕೊಂಡು ಹಾಕಿ, ಹಿಟ್ಟು ಸೌಟಿನಿಂದ ದಪ್ಪಗೆ ಇಳಿಯಬೇಕು.

ಎಣ್ಣೆ ಉಳಿಸುವ ಗುಟ್ಟು ನಿಮ್ಮ ಅಜ್ಜಿಗೂ ಗೊತ್ತಿತ್ತು. ಒಂದು ಈರುಳ್ಳಿಯನ್ನು ಅರ್ಧಕ್ಕೆ ಕತ್ತರಿಸಿ ಫೋರ್ಕಿಗೆ ಚುಚ್ಚಿಕೊಳ್ಳಿ. ಕತ್ತರಿಸಿದ ಮೈಯನ್ನು ನಾಲ್ಕು ಹನಿ ಎಣ್ಣೆಗೆ ಅದ್ದಿ, ಕಾದ ಕಾವಲಿ ಮೇಲೆ ಚುಂಯ್ ಅನ್ನುವ ಹಾಗೆ ಉಜ್ಜಿ. ಆಮೇಲೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಒರೆಸಿ, ಉರಿ ಸಣ್ಣ ಮಾಡಿ ಹಿಟ್ಟು ಹೊಯ್ಯಿರಿ. ಈ ಹಿಟ್ಟು ಬೇಗ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಹೊಯ್ದ ಕೂಡಲೇ ಸರಸರ ಅಂತ ಹರಡಬೇಕು. ಮೇಲೆ ಹೆಚ್ಚಿದ ಈರುಳ್ಳಿ, ತುರಿದ ಕ್ಯಾರೆಟ್ ಉದುರಿಸಿ ಸೌಟಿನ ಬೆನ್ನಲ್ಲಿ ಒತ್ತಿ ಮುಚ್ಚಿಡಿ. ಅಂಚು ತಾನಾಗಿ ಎದ್ದು ಬಂದಾಗ ತೆಗೆದರೆ ಆಯಿತು. ಮೊದಲನೇ ದೋಸೆ ಹರಿದುಹೋಗುತ್ತದೆ. ನಮ್ಮನೆಯಲ್ಲಿ ಅದು ನನ್ನ ಪಾಲು.

ಹಿಡಿ ಕಾಳಿಗೆ ಎರಡು ದೋಸೆ ಬರುತ್ತವೆ. ಅದರ ಜೊತೆ ಒಂದು ಬಟ್ಟಲು ಮೊಸರು, ಮೊಟ್ಟೆ ತಿನ್ನುವವರಾದರೆ ಒಂದು ಬೇಯಿಸಿದ ಮೊಟ್ಟೆ (6 ಗ್ರಾಂ ಪ್ರೋಟೀನ್), ಸೌತೆಕಾಯಿ ನಾಲ್ಕು ಹೋಳು. ಮಧ್ಯಾಹ್ನ ಒಂದೂವರೆವರೆಗೆ ಹೊಟ್ಟೆ ಸದ್ದೇ ಮಾಡೋಲ್ಲ.

ಉಪ್ಪಿಟ್ಟಿನವರು ಬೇಜಾರು ಮಾಡಿಕೊಳ್ಳಬೇಡಿ

ವಾರಕ್ಕೆರಡು ದಿನ ಉಪ್ಪಿಟ್ಟು ಇಲ್ಲದ ಮನೆ ಯಾವುದಿದೆ? ಅದನ್ನು ಬಿಡೋದೇನೂ ಬೇಡ. ಆದರೆ ಒಂದು ದಿನ ಸುಮ್ನೆ ಅಳೆದು ನೋಡಿ. ನಮ್ಮನೆಯಲ್ಲಿ ನಾಲ್ಕು ಜನರ ಉಪ್ಪಿಟ್ಟಿಗೆ ಒಗ್ಗರಣೆಗೆ ಒಂದು ಸೌಟು ಎಣ್ಣೆ ಬೀಳುತ್ತಿತ್ತು. ಆ ಸೌಟಿನಲ್ಲಿ ನೀರು ತುಂಬಿಸಿ ಅಳೆದರೆ ದೊಡ್ಡ ಚಮಚದಲ್ಲಿ ಆರು! ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲೊರಿ. ತಲೆಗೆ ಒಂದೂವರೆ ಚಮಚ, 180 ಕ್ಯಾಲೊರಿ. ನನ್ನ ಕೆರೆ ಏರಿಯ ನಡಿಗೆ ಅಷ್ಟೂ ಒಗ್ಗರಣೆಯಲ್ಲೇ ಚಟಪಟ ಅನ್ನುತ್ತಿತ್ತು.

ಇದನ್ನು ಮನೆಯಲ್ಲಿ ಹೇಳಿದ್ದಕ್ಕೆ, "ರೀ, ಎಣ್ಣೆ ಕಮ್ಮಿ ಮಾಡಿದ್ರೆ ಕಾಂಕ್ರೀಟ್ ಆಗತ್ತೆ, ಆಮೇಲೆ ನೀವೇ ಕೂತು ಒಡೆದುಕೊಂಡು ತಿನ್ನಿ" ಅಂದಳು. ಅವಳು ಹೇಳಿದ್ದರಲ್ಲೂ ಸುಳ್ಳಿಲ್ಲ. ಉಪಾಯ ಹೀಗಿದೆ: ರವೆಯನ್ನು ಎಣ್ಣೆ ಇಲ್ಲದೆ ಮೊದಲೇ ಘಮ್ ಅನ್ನುವ ತನಕ ಹುರಿದಿಟ್ಟುಕೊಳ್ಳಿ. ಎರಡು ಚಮಚ ಎಣ್ಣೆಯಲ್ಲಿ ಒಗ್ಗರಣೆ. ರವೆ ಎಷ್ಟೋ ಅಷ್ಟೇ ಅಳತೆಯ ಬೀನ್ಸ್, ಕ್ಯಾರೆಟ್, ಬಟಾಣಿ, ಅವರೆಕಾಯಿ ಕಾಲದಲ್ಲಿ ಅವರೆಕಾಳು. ಒಂದಕ್ಕೆ ಮೂರು ನೀರು. ತರಕಾರಿ ಜಾಸ್ತಿ ಇದ್ದರೆ ಉಪ್ಪಿಟ್ಟು ಗಟ್ಟಿಯಾಗೋಲ್ಲ. ಇದನ್ನು ಒಂದು ಬಟ್ಟಲಷ್ಟೇ ಬಡಿಸಿಕೊಂಡು, ತಟ್ಟೆಯ ಉಳಿದ ಜಾಗಕ್ಕೆ ನೆನೆದ ಕಾಳನ್ನು ಬೇಯಿಸಿ ಸಾಸಿವೆ, ಇಂಗು ಒಗ್ಗರಣೆ ಕೊಟ್ಟ ಉಸಲಿ ಹಾಕಿಕೊಳ್ಳಿ. ಅವಲಕ್ಕಿ, ಚಿತ್ರಾನ್ನ, ಶಾವಿಗೆ ಎಲ್ಲಕ್ಕೂ ಇದೇ ನಿಯಮ, ಅನ್ನ ರವೆ ಪಕ್ಕಕ್ಕೆ, ಕಾಳು ತರಕಾರಿ ನಡುಮಧ್ಯಕ್ಕೆ.

ಇಡ್ಲಿ ದಿನ ಮೂರು ಇಡ್ಲಿ, ಆದರೆ ಸಾಂಬಾರ್ ತಿಳಿ ಅಲ್ಲ, ಬೇಳೆ ಕಾಣುವ ಹಾಗೆ ಎರಡು ಬಟ್ಟಲು. ಕಾಯಿ ಚಟ್ನಿಯಲ್ಲಿ ಕಾಯಿಯನ್ನು ಅರ್ಧಕ್ಕೆ ಇಳಿಸಿ ಹುರಿಗಡಲೆ ಸೇರಿಸಿ.

ರಾಗಿ ಬಗ್ಗೆ ಒಂದು ಮಾತು. ರಾಗಿ ತಿಂದರೆ ತೂಕ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಹಾಗೆ ತಾನಾಗಿ ಇಳಿಸುವ ಧಾನ್ಯ ಯಾವುದೂ ಇಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ನಾರಿದೆ, ಇವೆಲ್ಲ ನಿಜ. ಪ್ರೋಟೀನ್ ಮಾತ್ರ 7 ಗ್ರಾಂ ಆಸುಪಾಸು. ಹಾಲು ಸಕ್ಕರೆ ಹಾಕಿದ ರಾಗಿ ಮಾಲ್ಟ್ ಗಟಗಟ ಕುಡಿದು "ಹೆಲ್ದಿ ತಿಂಡಿ ಆಯ್ತು" ಅಂದರೆ ಹತ್ತೂವರೆಗೆ ಮತ್ತೆ ಹಸಿವು, ಯಾಕಂದರೆ ಕುಡಿದದ್ದು ಅಗಿದು ತಿಂದಷ್ಟು ಹೊತ್ತು ಹೊಟ್ಟೆಯಲ್ಲಿ ನಿಲ್ಲೋಲ್ಲ. ಅದರ ಬದಲು ನುಗ್ಗೆಸೊಪ್ಪು, ಈರುಳ್ಳಿ ಕಲಸಿದ ರಾಗಿ ರೊಟ್ಟಿ ಒಂದೂವರೆ, ಮೊಸರು, ಕಾಳು ಪಲ್ಯ ಮಾಡಿಕೊಳ್ಳಿ. ಮಜ್ಜಿಗೆ ಹಾಕಿದ ಅಂಬಲಿ ಜೊತೆಗಿದ್ದರೆ ಬೇಡ ಅನ್ನೋಲ್ಲ.

ಉತ್ತರ ಕರ್ನಾಟಕದವರಿಗೆ ನಾನು ಪಾಠ ಹೇಳಬೇಕಿಲ್ಲ. ಬಿಸಿ ಜೋಳದ ರೊಟ್ಟಿ, ಮಡಕಿಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಮೊಸರು, ಅವರ ತಟ್ಟೆ ಆಗಲೇ ಸರಿ ಇದೆ. ಶೇಂಗಾ ಹಿಂಡಿ (ಚಟ್ನಿಪುಡಿ) ಮೇಲೆ ಎಣ್ಣೆ ಸುರಿದುಕೊಳ್ಳುವಾಗ ಮಾತ್ರ ಕೈ ಸ್ವಲ್ಪ ಹಿಡಿದುಕೊಳ್ಳಿ. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆ ತಾನೇ ಇದೆ.

ಕಾಫಿ

ಇದನ್ನು ಬರೆಯೋಕೆ ನನಗೇ ಸಂಕಟ. ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 10 ಗ್ರಾಂ, 40 ಕ್ಯಾಲೊರಿ. ದಿನಕ್ಕೆ ಮೂರು ಲೋಟವಾದರೆ ಒಂದು ದೊಡ್ಡ ಚಮಚ ಎಣ್ಣೆಯಷ್ಟೇ ಆಯಿತಲ್ಲ! ನಾನು ಎರಡರಿಂದ ಒಂದೂವರೆ, ಒಂದು, ಅರ್ಧ ಅಂತ ವಾರಕ್ಕೆ ಅರ್ಧ ಚಮಚ ಇಳಿಸಿದೆ. ಒಂದೇ ಸಲ ಬಿಟ್ಟಿದ್ದರೆ ಕಾಫಿಯೇ ರುಚಿಸುತ್ತಿರಲಿಲ್ಲ. ಇನ್ನೊಂದು, ತಿಂಡಿ ಜೊತೆಗೇ ಕಾಫಿ ಬೇಡ. ಅದರಲ್ಲಿರುವ ಟ್ಯಾನಿನ್ ಕಾಳು ಸೊಪ್ಪಿನ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡೋಲ್ಲ, ಅದಕ್ಕೇ 2024ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಆಹಾರ ಮಾರ್ಗಸೂಚಿಯಲ್ಲಿ ಊಟಕ್ಕೆ ಒಂದು ಗಂಟೆ ಹಿಂದೆ ಮುಂದೆ ಕಾಫಿ ಟೀ ಬೇಡ ಅಂದಿದ್ದಾರೆ. ಬದಲಿಗೆ ಉಸಲಿ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ, ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ.

ಎಡವಟ್ಟಾದರೆ

ಮೊದಲ ವಾರ ಗ್ಯಾಸ್ ಆಗುತ್ತದೆ. ಕಾಳು ರೂಢಿ ಇಲ್ಲದವರು ಅರ್ಧ ಹಿಡಿಯಿಂದ ಶುರು ಮಾಡಿ, ನೆನೆಸಿದ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿ, ಇಂಗು ಶುಂಠಿ ಮರೆಯಬೇಡಿ. ಕಡಲೆಕಾಳಿಗಿಂತ ಹೆಸರುಕಾಳು ಹೊಟ್ಟೆಗೆ ಹಗುರ.

ಆದರೂ ಹನ್ನೊಂದಕ್ಕೆ ಹಸಿವಾಗುತ್ತದಾ? ಎಷ್ಟು ಹೊತ್ತಿನಲ್ಲಿ ತಿಂದಿರಿ ಅಂತ ನೋಡಿಕೊಳ್ಳಿ. ಹೊಟ್ಟೆ ತುಂಬಿತು ಅಂತ ಗೊತ್ತಾಗೋಕೆ ಹೆಚ್ಚು ಕಡಿಮೆ 20 ನಿಮಿಷ ಬೇಕು. ಐದು ನಿಮಿಷದಲ್ಲಿ ಮೊಬೈಲು ನೋಡಿಕೊಂಡು ನುಂಗಿದರೆ ಏನೂ ಗೊತ್ತಾಗೋಲ್ಲ. ಹಾಗೂ ಹಸಿವಾದರೆ ಒಂದು ಸೀಬೆಹಣ್ಣು ಕಚ್ಚಿ ತಿನ್ನಿ, ಜ್ಯೂಸ್ ಬೇಡ.

ತೂಕ ದಿನಾ ನೋಡಬೇಡಿ, ತಲೆ ಕೆಡುತ್ತದೆ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ. ಜೊತೆಗೆ ಟೇಪು ಹಿಡಿದು ಸೊಂಟದ ಸುತ್ತಳತೆ ನೋಡಿ. ನಮ್ಮ ದೇಶದವರಿಗೆ ಗಂಡಸರಾದರೆ 90 ಸೆಂಟಿಮೀಟರ್, ಹೆಂಗಸರಾದರೆ 80, ಅದರ ಮೇಲೆ ಹೋದರೆ ಹುಷಾರಾಗಿರಬೇಕು. ವಾರಕ್ಕೆರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂತು, ಗೋಡೆಗೆ ಕೈಕೊಟ್ಟು ದಂಡ ಹೊಡೆದರೆ ಮಾಂಸಖಂಡಕ್ಕೂ ಕೆಲಸ ಸಿಗುತ್ತದೆ, ಬರೀ ನಡಿಗೆಯಲ್ಲಿ ಅದು ಅಷ್ಟು ಆಗೋಲ್ಲ. ನನಗೆ ಐದು ತಿಂಗಳಲ್ಲಿ ನಾಲ್ಕು ಕೇಜಿ ಇಳಿಯಿತು, ಬೆಲ್ಟಿನಲ್ಲಿ ಎರಡು ತೂತು ಒಳಗೆ ಹೋದೆ. ದೊಡ್ಡ ಸಾಧನೆ ಏನಲ್ಲ ಅಂತ ಅನ್ನಿಸಬಹುದು, ಆದರೆ ಹಸಿದುಕೊಂಡು ಇಳಿಸಲಿಲ್ಲ.

ಹೋಟೆಲಿಗೆ ಹೋಗೋದು ಬಿಟ್ಟಿದ್ದೀರಾ ಅಂತ ಕೇಳಿದರೆ, ಇಲ್ಲ. ಭಾನುವಾರ ಐದೂ ಜನ ಹೋಗುತ್ತೇವೆ. ಎರಡು ಮಸಾಲೆ ದೋಸೆ ತರಿಸಿ ಐದು ಪಾಲು ಮಾಡುತ್ತೇವೆ, ಉಳಿದದ್ದಕ್ಕೆ ಇಡ್ಲಿ, ಸಾಂಬಾರು ಬೇರೆ ಬಟ್ಟಲಲ್ಲಿ. ನಮ್ಮ ಜೊತೆಗೊಬ್ಬರು ರಿಟೈರ್ಡ್ ಮೇಷ್ಟರಿದ್ದಾರೆ, ಅವರು ಮಾತ್ರ ಪ್ಯಾಂಟಿನ ಜೇಬಿನಿಂದ ಮನೆಯಲ್ಲಿ ಬೇಯಿಸಿದ ಕಡಲೆಕಾಳಿನ ಡಬ್ಬಿ ತೆಗೆದು ಮೇಜಿನ ಮಧ್ಯೆ ಇಡುತ್ತಾರೆ. ಸಪ್ಲೈಯರ್ ಹುಡುಗ ಮೊದಲ ಸಲ ಮುಖ ಸಿಂಡರಿಸಿದ್ದ. ಈಗ ಅವನೂ ಬಂದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಹೋಗುತ್ತಾನೆ.