ಐಸಿಯುನಲ್ಲಿ ಪ್ಯಾರಲೈಸ್ ಮಾಡಿರೋ ಪೇಷಂಟ್‌ಗೆ ಟ್ರೈನ್ ಆಫ್ ಫೋರ್ ನೋಡೋದು ಹೇಗೆ

ಟ್ರೈನ್ ಆಫ್ ಫೋರ್ ಅಂದ್ರೆ ನರಕ್ಕೆ 4 ಸಣ್ಣ ಶಾಕ್ ಕೊಟ್ಟು, ಸ್ನಾಯು ಎಷ್ಟು ಸಲ ಎಳೆಯುತ್ತೆ ಅಂತ ಎಣಿಸಿ, ಪ್ಯಾರಲೈಸ್ ಮಾಡೋ ಡ್ರಗ್ ಎಷ್ಟು ಕೆಲ್ಸ ಮಾಡ್ತಿದೆ ಅಂತ ನೋಡೋದು. ಮೊದ್ಲು ಒಂದ್ ಮಾತು, ವೆಕ್ಯುರೋನಿಯಂ, ಅಟ್ರಾಕ್ಯುರಿಯಂ ಅನ್ನೋ ಈ ಡ್ರಗ್ಗೆಲ್ಲ ಬರೀ ಸ್ನಾಯುನ ನಿಲ್ಲಿಸ್ತವೆ ಅಷ್ಟೇ, ನೋವೂ ಹೋಗಲ್ಲ ಎಚ್ಚರಾನೂ ಹೋಗಲ್ಲ, ಅದಕ್ಕೇ ಸೆಡೇಶನ್ (ಔಷಧಿ ಕೊಟ್ಟು ಮಲಗಿಸೋದು) ಸರಿಯಾಗಿದೆಯಾ ನೋಡ್ಕೊಂಡೇ ಶುರು ಮಾಡಿ.

ಡ್ರಗ್ ಕೊಡೋಕ್ ಮುಂಚೇನೇ ಮಣಿಕಟ್ಟಿನ ಹತ್ರ ಕಿರುಬೆರಳಿನ ಕಡೆ, ಅಲ್ನಾರ್ ನರದ ಮೇಲೆ, ಚರ್ಮ ಒರೆಸಿ ಒಣಗಿಸಿ ಎರಡು ಎಲೆಕ್ಟ್ರೋಡ್ ಅಂಟಿಸಿ, ಕಪ್ಪು ಕೈಬೆರಳ ಕಡೆಗೆ, ಕೆಂಪು ಮೊಣಕೈ ಕಡೆಗೆ. ಕರೆಂಟ್ ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗಿ, 4 ಸಲಾನೂ ಹೆಬ್ಬೆರಳ ಎಳೆತ ಚೆನ್ನಾಗಿ ಬಂದು, ಇನ್ನೂ ಏರಿಸಿದ್ರೂ ಜಾಸ್ತಿ ಆಗ್ತಿಲ್ಲ ಅಂದ್ರೆ ಆ ಕರೆಂಟ್ ಎಷ್ಟು ಅಂತ ಚಾರ್ಟಲ್ಲಿ ಬರ್ಕೊಳ್ಳಿ. ಈ ಬೇಸ್‌ಲೈನ್ (ಡ್ರಗ್‌ಗೆ ಮುಂಚಿನ ಅಳತೆ) ಇಲ್ದೆ ಆಮೇಲೆ ಸೊನ್ನೆ ಬಂದ್ರೆ ಡ್ರಗ್ಗಿಂದಾನೋ ಎಲೆಕ್ಟ್ರೋಡಿಂದಾನೋ ಗೊತ್ತಾಗಲ್ಲ.

ಮಷಿನ್ ಅರ್ಧ ಸೆಕೆಂಡಿಗೊಂದರಂತೆ 4 ಶಾಕ್ ಕೊಡುತ್ತೆ, ನೀವು ಹೆಬ್ಬೆರಳು ಅಂಗೈ ಕಡೆ ಬರೋದನ್ನ ಮಾತ್ರ ಎಣಿಸಿ. ಉಳಿದ ಬೆರಳು ಕುಣಿದ್ರೆ ನಂಬ್ಬೇಡಿ, ಅದು ಕರೆಂಟ್ ನೇರವಾಗಿ ಸ್ನಾಯುಗೆ ಹೋಗ್ತಿರೋದೂ ಇರ್ಬಹುದು (ಹೊಸಬ್ರೆಲ್ಲ ಇಲ್ಲೇ ಎಡವೋದು). ಸಾಮಾನ್ಯವಾಗಿ 4ರಲ್ಲಿ 1 ಅಥವಾ 2 ಎಳೆತ ಬಂದ್ರೆ ಸಾಕು. 4ಕ್ಕೆ 4 ಬಂದ್ರೆ ಬ್ಲಾಕ್ (ಸ್ನಾಯು ನಿಲ್ಲಿಸಿರೋದು) ಸಾಲಲ್ಲ, ಆದ್ರೆ ವೆಂಟಿಲೇಟರ್ ಜೊತೆ ಪೇಷಂಟ್ ಹೊಂದ್ಕೊಂಡಿದ್ರೆ ನಂಬರ್‌ಗೋಸ್ಕರ ಡೋಸ್ ಏರಿಸ್ಬೇಡಿ. 0 ಬಂದ್ರೆ ಮೊದ್ಲು ಪ್ಯಾಡ್, ಬ್ಯಾಟರಿ ನೋಡಿ, ಕೈ ಊದಿದ್ಯಾ ತಣ್ಣಗಿದ್ಯಾ ಮುಟ್ಟಿ ನೋಡಿ, ಆಮೇಲೆ ಡಾಕ್ಟ್ರಿಗೆ ಹೇಳಿ ಡೋಸ್ ಇಳಿಸಿ. ಸ್ಟ್ರೋಕ್ ಆಗಿರೋ ಕೈ ಬೇಡವೇ ಬೇಡ.

ಕಣ್ಣು ಮಿಟುಕಿಸಕ್ಕಾಗಲ್ವಲ್ಲ, ಆಯಿಂಟ್‌ಮೆಂಟ್ ಮರೀಬೇಡಿ.