ಗ್ಯಾಸ್ಕೆಟ್ ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ

ಈಗ ಭೂಮಿಯ ಆಳದ ಖನಿಜಗಳ ಮೇಲೆ ಕೆಲಸ ಮಾಡುತ್ತೇನೆ, ಆದರೆ ನಾನು ಭೂವಿಜ್ಞಾನ ಓದಿದವನಲ್ಲ. ಎಂಎಸ್ಸಿಯಲ್ಲಿ ಓದಿದ್ದು ಭೌತಶಾಸ್ತ್ರ. ಪಿಎಚ್‌ಡಿಗೆ ಬೆಂಗಳೂರಿನ ಒಂದು ಲ್ಯಾಬ್ ಸೇರಿದಾಗ ಸಿಕ್ಕ ಕೆಲಸ, ಸಿಲಿಕಾನ್‌ನಂಥ ವಸ್ತುಗಳನ್ನು ಒತ್ತಿ ಒತ್ತಿ ಅವು ಯಾವಾಗ ಲೋಹವಾಗುತ್ತವೆ ಅಂತ ನೋಡುವುದು. ಸಿಲಿಕಾನ್‌ಗೆ ಸುಮಾರು 12 ಗಿಗಾಪಾಸ್ಕಲ್ ಸಾಕು. ಒಂದು ಗಿಗಾಪಾಸ್ಕಲ್ ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹತ್ತು ಸಾವಿರ ಪಟ್ಟು. ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗಿಂತ ಆಳ ಇದೆ, ಅಲ್ವಾ? ಅದರ ತಳದಲ್ಲಿ ಬಂಡೆಯ ಭಾರ ಲೆಕ್ಕ ಹಾಕಿದರೆ 0.1 ಗಿಗಾಪಾಸ್ಕಲ್ ಕೂಡ ಆಗುವುದಿಲ್ಲ. ಭೂಮಿಯ ನಟ್ಟನಡುವೆ 360ಕ್ಕೂ ಜಾಸ್ತಿ.

ಇಷ್ಟು ಒತ್ತಡಕ್ಕೆ ದೊಡ್ಡ ಯಂತ್ರ ಬೇಕು ಅಂತ ಕೇಳಿದವರೆಲ್ಲ ಅಂದುಕೊಳ್ಳುತ್ತಾರೆ. ನಮ್ಮ ಡೈಮಂಡ್ ಆನ್ವಿಲ್ ಸೆಲ್ ಅಂಗೈಯಲ್ಲಿ ಹಿಡಿಸುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಾಧನ ಇದು. ಎರಡು ವಜ್ರಗಳ ತುದಿಯನ್ನು ಚಪ್ಪಟೆ ಮಾಡಿ ಎದುರುಬದುರು ಕೂರಿಸಿ, ಸ್ಕ್ರೂ ಬಿಗಿ ಮಾಡುವುದು, ಅಷ್ಟೇ. ತುದಿಯ ಅಗಲ 0.3 ಮಿಲಿಮೀಟರ್ ಇದ್ದರೆ ಕೈಬಲವೇ ಸಾಕಾಗುತ್ತದೆ. ವಜ್ರದೊಳಗೆ ಬೆಳಕೂ ಹೋಗುತ್ತದೆ, ಎಕ್ಸ್-ರೇಯೂ ಹೋಗುತ್ತದೆ. ಹಾಗಾಗಿ ಒಳಗೆ ಆಗುವುದನ್ನು ಆಗುತ್ತಿರುವಾಗಲೇ ನೋಡಬಹುದು.

ಎಲ್ಲರೂ ವಜ್ರದ ಬಗ್ಗೆ ಕೇಳುತ್ತಾರೆ. ನನ್ನ ಕಣ್ಣು ಯಾವಾಗಲೂ ಗ್ಯಾಸ್ಕೆಟ್ ಮೇಲೆ. ಅದು ವಜ್ರಗಳ ನಡುವೆ ಕೂರುವ, ರೀನಿಯಂ ಎಂಬ ಗಟ್ಟಿ ಲೋಹದ ತೆಳು ತಗಡು, ಕಾಲು ಮಿಲಿಮೀಟರ್ ದಪ್ಪ. ಮೊದಲು ಅದನ್ನು ವಜ್ರಗಳ ನಡುವೆಯೇ ಒತ್ತಿ 30–40 ಮೈಕ್ರಾನಿಗೆ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಇಳಿಸಬೇಕು. ಆಮೇಲೆ ಸರಿಯಾಗಿ ನಡುವೆ ಒಂದು ತೂತು, ವಜ್ರದ ಮುಖದ ಮೂರನೇ ಒಂದು ಪಾಲಿನಷ್ಟು. ಆ ತೂತೇ ನಮ್ಮ ಪ್ರಯೋಗದ ಕೋಣೆ. ತೂತು ಸ್ವಲ್ಪ ಪಕ್ಕಕ್ಕಿದ್ದರೂ ಒತ್ತಡ ಏರಿದಂತೆ ಇನ್ನೂ ಪಕ್ಕಕ್ಕೆ ಜಾರುತ್ತದೆ. ಅಂಚು ಮುಟ್ಟಿದರೆ ವಜ್ರಕ್ಕೇ ಅಪಾಯ. ಸ್ಕ್ರೂ ತಿರುಗಿಸುವಾಗ ತೂತು ನಿಧಾನವಾಗಿ ಕುಗ್ಗುತ್ತಿದ್ದರೆ ನೆಮ್ಮದಿ. ಹಿಗ್ಗುತ್ತಿದ್ದರೆ ತಗಡು ದಪ್ಪ ಇದೆ ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿಬಿಡಿ.

ಸ್ಯಾಂಪಲ್ ಇಡಲು ಕಡ್ಡಿಯ ತುದಿಗೆ ಅಂಟಿಸಿದ ರೆಪ್ಪೆಗೂದಲಿಗಿಂತ ಒಳ್ಳೆಯ ಸಲಕರಣೆ ನಾನು ಕಂಡಿಲ್ಲ. ಗಾಳಿ ಒಣಗಿದ ದಿನ ಸ್ಥಾಯಿ ವಿದ್ಯುತ್ತಿಗೆ ಚೂರು ಎಗರಿ ಹೋಗುತ್ತದೆ. ಮುಂದೆ ನಾನು ಹೋದ ಜರ್ಮನಿಯಲ್ಲಿ, ಹೀಟರ್ ಹಾಕಿದ ಕೋಣೆಗಳಲ್ಲಿ ಚಳಿಗಾಲವಿಡೀ ಇದೇ ಗೋಳು. ಜೊತೆಗೆ ಒಂದು ಕಣ ರೂಬಿ ಹಾಕುತ್ತೇವೆ. ಲೇಸರ್ ಬಿಟ್ಟರೆ ಅದು 694 ನ್ಯಾನೋಮೀಟರ್ ಹತ್ತಿರ ಕೆಂಪಗೆ ಹೊಳೆಯುತ್ತದೆ. ಗಿಗಾಪಾಸ್ಕಲ್ ಒಂದಕ್ಕೆ ಆ ಬೆಳಕಿನ ತರಂಗಾಂತರ ಸುಮಾರು 0.36 ನ್ಯಾನೋಮೀಟರ್ ಮುಂದೆ ಸರಿಯುತ್ತದೆ. ಒಳಗಿನ ಒತ್ತಡ ನಮಗೆ ಗೊತ್ತಾಗುವುದು ಹೀಗೆ.

ಜರ್ಮನಿಯ ಬೈರಾಯ್ಟ್‌ಗೆ ಹೋದ ಮೇಲೆ ಸಿಲಿಕಾನ್ ಬಿಟ್ಟು, ಭೂಮಿಯ ಆಳದ ಬಂಡೆಗಳಲ್ಲಿರುವ ಆಲಿವಿನ್ ಎಂಬ ಖನಿಜ ಹಿಡಿದೆ. ಕೈಚಳಕ ಅದೇ, ಪ್ರಶ್ನೆ ಬೇರೆ. ಭೂಕಂಪದ ಅಲೆಗಳ ವೇಗ 410 ಮತ್ತು 660 ಕಿಲೋಮೀಟರ್ ಆಳದಲ್ಲಿ ಥಟ್ಟನೆ ಏರುತ್ತದೆ. 410ರಲ್ಲಿ ಆಲಿವಿನ್ ರಚನೆ ಬದಲಿಸುತ್ತದೆ. 660ರ ಹತ್ತಿರ, ಅಂದರೆ ಸುಮಾರು 24 ಗಿಗಾಪಾಸ್ಕಲ್‌ನಲ್ಲಿ, ಒಡೆದು ಎರಡು ಹೊಸ ಖನಿಜಗಳಾಗುತ್ತದೆ. ಅದರಲ್ಲಿ ಒಂದು ಬ್ರಿಡ್ಜ್‌ಮನೈಟ್. ಭೂಮಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವ ಈ ಖನಿಜಕ್ಕೆ ಹೆಸರು ಸಿಕ್ಕಿದ್ದು 2014ರಲ್ಲಿ, ಅದೂ ಉಲ್ಕೆಯೊಂದರಲ್ಲಿ ಕಂಡ ಮೇಲೆ! (ನಮ್ಮ ಗೌರಿಬಿದನೂರಿನಲ್ಲೂ 1960ರ ದಶಕದಿಂದ ಇಂಥ ಅಲೆಗಳನ್ನು ಹಿಡಿಯುವ ಕೇಂದ್ರ ಇದೆ. ಅದನ್ನು ಕಟ್ಟಿದ್ದು ಅಣುಪರೀಕ್ಷೆಗಳನ್ನು ಪತ್ತೆ ಮಾಡಲು.)

ಭೂಮಿಯ ಕೆಲಸಕ್ಕೆ ಒತ್ತಡ ಒಂದೇ ಸಾಲದು, ಶಾಖವೂ ಬೇಕು. ವಜ್ರದ ಮೂಲಕವೇ ಲೇಸರ್ ಬಿಟ್ಟು 2000 ಕೆಲ್ವಿನ್ ದಾಟಿಸುತ್ತೇವೆ. ಸ್ಯಾಂಪಲ್ ವಜ್ರಕ್ಕೆ ತಾಗಿದರೆ ಶಾಖವೆಲ್ಲ ಅದೇ ಎಳೆದುಕೊಳ್ಳುತ್ತದೆ. ಅದಕ್ಕೇ ಎರಡೂ ಕಡೆ ಉಪ್ಪಿನ ತೆಳು ಪದರ. ತಾಪಮಾನ ಗೊತ್ತಾಗುವುದು ಹೊಳೆಯುವ ಬೆಳಕಿನ ಬಣ್ಣದಿಂದ, ಅದರಲ್ಲಿ ನೂರು ಡಿಗ್ರಿ ಆಚೀಚೆ ಮಾಮೂಲು. ಹತ್ತೇ ಡಿಗ್ರಿ ತಪ್ಪು ಅಂತ ಬರೆದುಕೊಂಡವರನ್ನು ನಾನು ಸುಮ್ನೆ ನಂಬುವುದಿಲ್ಲ.

ತುಂಬಾ ಪ್ರಖರ ಎಕ್ಸ್-ರೇ ಕೊಡುವ ದೊಡ್ಡ ಯಂತ್ರ ಸಿಂಕ್ರೊಟ್ರಾನ್‌ನಲ್ಲಿ ಬೀಮ್‌ಟೈಮ್ (ಅದನ್ನು ಬಳಸುವ ಸರದಿ) ಸಿಗುವುದು ಕೆಲವೇ ದಿನ. ಹಗಲು ರಾತ್ರಿ ಪಾಳಿ. ಸೆಲ್‌ಗಳನ್ನೆಲ್ಲ ಲ್ಯಾಬ್‌ನಲ್ಲೇ ತುಂಬಿಕೊಂಡು ಹೋಗಿ. ಎಷ್ಟು ಒಯ್ದರೂ ಕಮ್ಮಿಯೇ.

ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ನಾನು ರೀನಿಯಂ ಕೊಡುವುದಿಲ್ಲ, ದುಬಾರಿ. ಸ್ಟೀಲ್ ತಗಡಿನಲ್ಲಿ ತೂತು ಮಾಡಿ ಬರೀ ನೀರು ತುಂಬಿ ಅನ್ನುತ್ತೇನೆ. ಒಂದು ಗಿಗಾಪಾಸ್ಕಲ್ ಹತ್ತಿರ ಬಂದಾಗ ಕೋಣೆಯ ಶಾಖದಲ್ಲೇ ನೀರು ಹರಳುಗಟ್ಟುತ್ತದೆ. ಆ ಮಂಜುಗಡ್ಡೆ ತೇಲುವುದಿಲ್ಲ, ಮುಳುಗುತ್ತದೆ. ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಾರೆ. ಆಮೇಲೆ ಸೆಲ್ ಬಿಚ್ಚಿಸಿ, ತೂತು ನಡುವೆಯೇ ಉಳಿದಿದೆಯಾ ಅಂತ ಮೈಕ್ರೋಸ್ಕೋಪಿನಲ್ಲಿ ಅಳತೆ ಮಾಡಿಸುತ್ತೇನೆ.